ಬೆಂಗಳೂರು ಮುಟ್ಟುವವರೆಗೆ ಹೃದಯ ಕಾಯುವ ಇಂಜೆಕ್ಷನ್ ಇದೆಯಾ?

ಪ್ರಶ್ನೆ: ನಮ್ಮದು ಮುಳಬಾಗಿಲು ಹತ್ತಿರದ ಹಳ್ಳಿ. ಅಪ್ಪನಿಗೆ ಹಾರ್ಟ್ ಅಟ್ಯಾಕ್ ಆಗಿ ಬೆಂಗಳೂರಿಗೆ ಕರೆದುಕೊಂಡು ಹೋದೆವು. ಸ್ಟೆಂಟ್ ಹಾಕಿದರು, ಬ್ಲಾಕ್ ಹೋಯಿತು. ಆದರೂ ‘ಪಂಪಿಂಗ್ ಕಡಿಮೆಯಾಗಿದೆ’ ಅಂದರು. ದಾರಿಯಲ್ಲಿದ್ದಾಗ ಹೃದಯ ಹಾಳಾಗದ ಹಾಗೆ ಕಾಪಾಡುವ ಔಷಧಿ ಇಲ್ಲವೇ?

ಉತ್ತರ: ರಕ್ತ ನಿಂತ ಮೇಲೆ ಕೊಟ್ಟರೆ ಹೃದಯದ ಸ್ನಾಯು ಉಳಿಯುತ್ತದೆ ಎನ್ನುವಂಥ ಔಷಧಿ ಇನ್ನೂ ಸಿಕ್ಕಿಲ್ಲ. ಹುಡುಕಾಟವೇನೂ ನಿಂತಿಲ್ಲ.

ಕಷ್ಟ ಎಲ್ಲಿದೆ ಅಂತ ಟೊಮೆಟೊ ಬೆಳೆಯುವ ನಿಮ್ಮ ಕಡೆಯವರಿಗೆ ಬೇಗ ಗೊತ್ತಾಗುತ್ತದೆ. ಡ್ರಿಪ್ ಪೈಪ್ ನಡುವೆ ಕಟ್ಟಿಕೊಂಡರೆ, ನೀರಿನ ಜೊತೆ ಎಷ್ಟು ಗೊಬ್ಬರ ಬಿಟ್ಟರೂ ಆಚೆ ಇರುವ ಗಿಡಕ್ಕೆ ಮುಟ್ಟುವುದಿಲ್ಲ. ಔಷಧಿಯೂ ರಕ್ತದ ಜೊತೆಗೇ ಹೋಗಬೇಕು ಅಲ್ವಾ? ರಕ್ತ ಹೋಗದ ಜಾಗಕ್ಕೆ ಅದು ತಾನೇ ಹೇಗೆ ಹೋದೀತು?

ಇನ್ನೊಂದು ವಿಚಿತ್ರ ಇದೆ. ಬ್ಲಾಕ್ ತೆರೆದು ರಕ್ತ ಒಮ್ಮೆಲೇ ನುಗ್ಗಿದಾಗಲೂ ಒಂದಷ್ಟು ಜೀವಕೋಶಗಳು ಸಾಯುತ್ತವೆ. ಈ ಹೊತ್ತಿಗಾದರೂ ಔಷಧಿ ಒಳಗೆ ಮುಟ್ಟುತ್ತದಲ್ಲ ಅಂತ ಸೈಕ್ಲೋಸ್ಪೋರಿನ್ ಕೊಟ್ಟು ನೋಡಿದರು. ಪ್ರಾಣಿಗಳಲ್ಲಿ ಭರವಸೆ ಹುಟ್ಟಿಸಿತ್ತು. 2015ರಲ್ಲಿ ಬಂದ ದೊಡ್ಡ ಪರೀಕ್ಷೆಯಲ್ಲಿ ರೋಗಿಗಳಿಗೆ ಏನೂ ಲಾಭವಾಗಲಿಲ್ಲ.

ಹೃದಯಕ್ಕೆ ತನ್ನದೇ ಕಾವಲು ಇದೆ ಎನ್ನುವುದು 1986ರಲ್ಲೇ ಗೊತ್ತಾಗಿತ್ತು. ನಾಯಿಗಳ ಹೃದಯಕ್ಕೆ ನಾಲ್ಕು ಸಲ ಐದೈದು ನಿಮಿಷ ರಕ್ತ ತಡೆದು, ಆಮೇಲೆ 40 ನಿಮಿಷ ತಡೆದರು. ಹಾಗೆ ಪಳಗಿಸಿದ ಹೃದಯಗಳಲ್ಲಿ ಆದ ಹಾನಿ, ಪಳಗಿಸದೆ ನೇರ 40 ನಿಮಿಷ ತಡೆದ ಹೃದಯಗಳ ಹಾನಿಯ ಕಾಲು ಭಾಗದಷ್ಟೇ! ತೋಳಿನ ರಕ್ತ ಸ್ವಲ್ಪ ಸ್ವಲ್ಪ ಹೊತ್ತು ತಡೆದರೂ ಹೃದಯ ಹಾಗೇ ಪಳಗೀತು ಅಂತ, ಅಟ್ಯಾಕ್ ಆದವರ ತೋಳಿಗೆ ಬಿಪಿ ಪಟ್ಟಿ ಬಿಗಿದು ಬಿಡುವ ಪ್ರಯೋಗವೂ ನಡೆಯಿತು. 5000ಕ್ಕೂ ಜಾಸ್ತಿ ಜನರ ಮೇಲೆ ನೋಡಿದರೂ ಉಪಯೋಗ ಕಾಣಲಿಲ್ಲ, ಅದು 2019ರ ಮಾತು. ಲ್ಯಾಬಿನ ಪ್ರಾಣಿಗೆ ಸಾಮಾನ್ಯವಾಗಿ ವಯಸ್ಸಾಗಿರುವುದಿಲ್ಲ, ಶುಗರ್ ಇರುವುದಿಲ್ಲ, ಬೀಡಿ ಚಟವಂತೂ ಇಲ್ಲವೇ ಇಲ್ಲ. ನಮ್ಮವರ ಕಥೆ ಬೇರೆ.

ಆಪರೇಷನ್ ಥಿಯೇಟರಿನಲ್ಲಿ ಮಾತ್ರ ಇಂಥ ಔಷಧಿ ದಿನಾ ಕೆಲಸ ಮಾಡುತ್ತದೆ. ಬೈಪಾಸ್ ಮಾಡುವಾಗ ಎಷ್ಟೋ ಸಲ ಪೊಟ್ಯಾಸಿಯಂ ಜಾಸ್ತಿ ಇರುವ ತಣ್ಣನೆಯ ದ್ರಾವಣ ಬಿಟ್ಟು ಹೃದಯವನ್ನೇ ನಿಲ್ಲಿಸುತ್ತಾರೆ. ಬಡಿಯದ, ತಣ್ಣಗಿರುವ ಹೃದಯಕ್ಕೆ ಆಮ್ಲಜನಕ ಸ್ವಲ್ಪ ಸಾಕು. ಕಸಿ ಮಾಡುವ ಕಿಡ್ನಿಯನ್ನು ವಿಶೇಷ ದ್ರಾವಣ ತುಂಬಿ ಐಸ್‌ ಪೆಟ್ಟಿಗೆಯಲ್ಲಿ ಸಾಗಿಸುವುದೂ ಇದಕ್ಕೇ. ಎರಡೂ ಕಡೆ ರಕ್ತ ಯಾವಾಗ ನಿಲ್ಲುತ್ತದೆ ಅಂತ ಡಾಕ್ಟರಿಗೆ ಮೊದಲೇ ಗೊತ್ತು. ಅಟ್ಯಾಕ್ ಹೇಳಿ ಬರುವುದಿಲ್ಲ.

ಹಾಗಾದರೆ ಮುಳಬಾಗಿಲಿನವರು ಏನು ಮಾಡಬೇಕು? ಎದೆ ನೋವು ಬಂದರೆ 108ಕ್ಕೆ ಫೋನ್ ಮಾಡಿ, ಹತ್ತಿರದ ಆಸ್ಪತ್ರೆಯಲ್ಲಿ ಮೊದಲು ಇಸಿಜಿ ಮಾಡಿಸಿ. ನೇರ ಬೆಂಗಳೂರಿಗೆ ಹೊರಟು ಕೆ.ಆರ್. ಪುರದ ಟ್ರಾಫಿಕ್‌ನಲ್ಲಿ ಸಿಕ್ಕಿಕೊಳ್ಳಬೇಡಿ. ದೊಡ್ಡ ಅಟ್ಯಾಕ್ ಎಂದು ಇಸಿಜಿಯಲ್ಲಿ ಕಂಡರೆ, ರಕ್ತಸ್ರಾವದ ಅಪಾಯ ಇಲ್ಲದವರಿಗೆ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಕೊಡಬಹುದು. ಸರ್ಕಾರದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ಈ ದುಬಾರಿ ಇಂಜೆಕ್ಷನ್ ಉಚಿತ. ಇದು ಸ್ನಾಯು ಕಾಯುವ ಔಷಧಿ ಅಲ್ಲ, ಹೆಪ್ಪುಗಟ್ಟಿದ ರಕ್ತ ಕರಗಿಸಿ ಪೈಪ್ ಬಿಡಿಸುವ ಔಷಧಿ. ನೋವು ಶುರುವಾದ 12 ಗಂಟೆಯೊಳಗೆ ಕೊಡಬೇಕು, ಮೊದಲ ಒಂದೆರಡು ಗಂಟೆಯಲ್ಲಾದರೆ ತುಂಬಾ ಲಾಭ.

ನಿಮ್ಮ ತಂದೆಯವರ ವಿಷಯ: ಅಟ್ಯಾಕ್ ಆದ ಹೊಸದರಲ್ಲಿ ಕೆಲವು ಸ್ನಾಯು ಸತ್ತಿರುವುದಿಲ್ಲ, ಮಂಕಾಗಿರುತ್ತದೆ ಅಷ್ಟೇ. ವಾರಗಳು ಕಳೆದಂತೆ ಅದು ಚೇತರಿಸಿಕೊಳ್ಳಬಹುದು. ಕೊಟ್ಟ ಮಾತ್ರೆ ಒಂದನ್ನೂ ಬಿಡಿಸಬೇಡಿ, ಮತ್ತೆ ಎಕೋ (ಹೃದಯದ ಪಂಪಿಂಗ್ ನೋಡುವ ಸ್ಕ್ಯಾನ್) ಯಾವಾಗ ಮಾಡಿಸಬೇಕು ಅಂತ ಮುಂದಿನ ಸಲ ಡಾಕ್ಟರನ್ನು ಕೇಳಿ.