ಹೀಟರ್ ಹಾಕಿದರೆ ಕಾರಿನಲ್ಲಿ ವಾಸನೆ: ಮೂಲ ಹುಡುಕುವ ಟಿಪ್ಪಣಿ

ನಮ್ಮ ಬೀದರ್, ಕಲಬುರಗಿ ಕಡೆ ಎಸಿಗೆ ಬಿಡುವಿಲ್ಲ, ಹೀಟರ್ ನೆನಪಾಗುವುದು ಡಿಸೆಂಬರ್, ಜನವರಿಯ ಬೆಳಗಿನ ಚಳಿಗೆ ಮಾತ್ರ. ಅಷ್ಟು ದಿನ ಸುಮ್ನೆ ಇದ್ದದ್ದನ್ನು ಹಾಕಿದ ಕೂಡಲೇ ವಾಸನೆ ಬರುತ್ತದೆ. ಕಾರಿನಲ್ಲಿ ಸೆಂಟಿನ ಡಬ್ಬಿ ಇದ್ದರೆ ಮೊದಲು ಹೊರಗಿಡಿ, ಮೂಗಿಗೆ ಕೆಲಸ ಇದೆ.

ಎಂಜಿನ್ ಬಿಸಿಯಾದ ಮೇಲೆ ಹೊರಗಿನ ಗಾಳಿ ಬರುವಂತೆ ಬ್ಲೋವರ್ ಹಾಕಿ, ಆಮೇಲೆ ಒಳಗಿನ ಗಾಳಿಯೇ ತಿರುಗುವ ಬಟನ್ ಒತ್ತಿ. ವಾಸನೆ ಕಡಿಮೆಯಾದರೆ ಮೂಲ ಬಾನೆಟ್ ಕಡೆ ಇರಬಹುದು. ಹಾಗೇ ಉಳಿದರೆ ಡ್ಯಾಶ್‌ಬೋರ್ಡ್ ಒಳಗೆ ಹುಡುಕಬೇಕು. ಅರ್ಧ ಕೆಲಸ ಇಲ್ಲೇ ಮುಗಿಯುತ್ತದೆ.

ಸಿಹಿ ವಾಸನೆ ಬಂದರೆ ಕೂಲೆಂಟ್ (ಎಂಜಿನ್ ತಂಪಿಡುವ ದ್ರವ) ಸೋರಿಕೆ ಅಂತಲೇ ಶುರು ಮಾಡಿ. ಹೀಟರ್ ಕೋರ್ ಅಂದರೆ ಡ್ಯಾಶ್‌ಬೋರ್ಡ್ ಒಳಗಿನ ಚಿಕ್ಕ ರೇಡಿಯೇಟರ್, ಎಂಜಿನ್‌ನ ಬಿಸಿ ಕೂಲೆಂಟ್ ಅದರಲ್ಲಿ ಹರಿಯುತ್ತದೆ. ಅದು ಸೋರಿದರೆ ಮುಂದಿನ ಗಾಜಿನ ಒಳಮೈ ಮಬ್ಬಾಗುತ್ತದೆ, ಬಟ್ಟೆಯಲ್ಲಿ ಒರೆಸಿದರೆ ನೀರಿನ ಹಾಗೆ ಹೋಗದೆ ಜಿಡ್ಡಾಗಿ ಮೆತ್ತಿಕೊಳ್ಳುತ್ತದೆ. ಕಾಲಿಡುವ ಜಾಗದ ಕಾರ್ಪೆಟ್ ಎತ್ತಿ ಅಡಿಯ ಫೋಮ್ ಒತ್ತಿ ನೋಡಿ, ಮೇಲೆ ಒಣಗಿದ್ದರೂ ಅಡಿಯಲ್ಲಿ ಒದ್ದೆ ಇರುತ್ತದೆ. ಕೋರ್ ಬದಲಿಸಲು ಹೆಚ್ಚಿನ ಕಾರುಗಳಲ್ಲಿ ಡ್ಯಾಶ್‌ಬೋರ್ಡ್ ಬಿಚ್ಚಬೇಕು, ಖರ್ಚು ಜಾಸ್ತಿ. ಅದಕ್ಕೇ ಮೊದಲು ಬಾನೆಟ್ ಕಡೆಯ ಹೀಟರ್ ಹೋಸ್, ಕ್ಲಾಂಪ್ ನೋಡಿ, ಸಡಿಲವಾದ ಒಂದು ಕ್ಲಾಂಪಿಗೋಸ್ಕರ ಗ್ರಾಹಕರ ಡ್ಯಾಶ್‌ಬೋರ್ಡ್ ಬಿಚ್ಚುವುದು ನನಗಂತೂ ಸರಿ ಕಾಣುವುದಿಲ್ಲ. ಬಿಸಿ ಎಂಜಿನ್‌ನ ರೇಡಿಯೇಟರ್ ಮುಚ್ಚಳ ಮಾತ್ರ ಯಾವತ್ತೂ ತೆಗೆಯಬೇಡಿ. ಕೂಲೆಂಟಿನ ಎಥಿಲೀನ್ ಗ್ಲೈಕಾಲ್ ಸಿಹಿಯಾದ ವಿಷ, ಚೆಲ್ಲಿದ್ದನ್ನು ನಾಯಿ ನೆಕ್ಕದಂತೆ ತೊಳೆಯಿರಿ. ಕೂಲೆಂಟ್ ಬದಲು ರೇಡಿಯೇಟರಿಗೆ ಬೋರ್ ನೀರನ್ನೂ ಸುರಿಯಬೇಡಿ. ಕಲಬುರಗಿ ಕಡೆಯದು ಸುಣ್ಣಕಲ್ಲಿನ ನೆಲ, ಶಹಾಬಾದ್ ಕಲ್ಲು ಬರುವುದೇ ಅಲ್ಲಿಂದ, ಗಡಸು ನೀರು ಕೋರ್‌ನ ಸಣ್ಣ ದಾರಿಗಳಲ್ಲಿ ಪದರ ಕಟ್ಟುತ್ತದೆ.

ಮುಗ್ಗಲು ವಾಸನೆ ಬೇರೆ. ಎಸಿಯ ಕೂಲಿಂಗ್ ಕಾಯಿಲ್ ಮೇಲೆ ಉಳಿದ ತೇವದಲ್ಲಿ ಬೂಷ್ಟು ಹಿಡಿದಿರುತ್ತದೆ. ನೀರು ಹೊರಹೋಗುವ ಡ್ರೈನ್ ಪೈಪ್ ಕಟ್ಟಿದೆಯಾ ನೋಡಿ, ಕ್ಯಾಬಿನ್ ಫಿಲ್ಟರ್ ಬದಲಿಸಿ. ಹೀಟರ್ ಹಾಕುವ ಕಾಲಕ್ಕೇ ಇಲ್ಲಿ ತೊಗರಿ ರಾಶಿಯೂ ನಡೆಯುತ್ತದೆ ಅಲ್ವಾ, ಆ ಹೊಟ್ಟು, ಧೂಳು ವೈಪರ್ ಕೆಳಗಿನ ಜಾಲರಿಯಿಂದ ಒಳಗೆ ಹೋಗುತ್ತದೆ. ಫಿಲ್ಟರ್ ತೆಗೆದಾಗ ಇಲಿ ಗೂಡು ಸಿಕ್ಕರೆ ವೈರ್ ಕಡಿದಿದೆಯಾ ಅಂತಲೂ ನೋಡಿ.

ಕೂತ ಧೂಳಿನ ಸುಟ್ಟ ವಾಸನೆ ಸ್ವಲ್ಪ ಹೊತ್ತಿಗೆ ಹೋಗುತ್ತದೆ. ಪ್ಲಾಸ್ಟಿಕ್ ಸುಟ್ಟಂತಿದ್ದರೆ ಬ್ಲೋವರ್ ನಿಲ್ಲಿಸಿ, ಬ್ಲೋವರ್ ವೇಗ ಬದಲಿಸುವ ರೆಸಿಸ್ಟರ್, ಅದರ ಕನೆಕ್ಟರ್ ಕರಗಿದೆಯಾ ಪರೀಕ್ಷಿಸಿ. ಸುಟ್ಟ ಎಣ್ಣೆ ವಾಸನೆಗೆ ವಾಲ್ವ್ ಕವರ್ ಗ್ಯಾಸ್ಕೆಟ್ (ಎಂಜಿನ್ ಮೇಲಿನ ಮುಚ್ಚಳದ ಸೀಲ್) ನೋಡಿ, ಅಲ್ಲಿಂದ ಆಯಿಲ್ ಬಿಸಿ ಎಕ್ಸಾಸ್ಟ್ ಮೇಲೆ ತೊಟ್ಟಿಕ್ಕುತ್ತದೆ.

ಎಕ್ಸಾಸ್ಟ್ ಹೊಗೆಯ ವಾಸನೆ ಒಳಗೆ ಬಂದರೆ ಕಿಟಕಿ ಇಳಿಸಿ, ಗಾಡಿ ನಿಲ್ಲಿಸಿ, ಎಲ್ಲರನ್ನೂ ಇಳಿಸಿ. ಅದರ ಜೊತೆ ಬರುವ ಕಾರ್ಬನ್ ಮೋನಾಕ್ಸೈಡ್‌ಗೆ ವಾಸನೆಯೇ ಇಲ್ಲ, ಜೀವ ತೆಗೆಯುತ್ತದೆ. ಎಕ್ಸಾಸ್ಟ್ ಸೋರಿಕೆ ಸರಿಮಾಡುವವರೆಗೆ ಆ ಕಾರು ಓಡಿಸಲು ಬಿಡಬೇಡಿ.