ಇಲಿಯ ಜೀನ್ ಹುಡುಕುವಾಗ ಎಂಟು ಇಲಿಗಳೇ ಏಕೆ ಮುಖ್ಯ?

ಹಾಸನದಲ್ಲಿ ನಾವು ನಾಲ್ವರು ಎಂ.ಎಸ್ಸಿ. ಪರೀಕ್ಷೆಗೆ ಒಟ್ಟಿಗೆ ಓದುವಾಗ ಮತ್ತೆ ಮತ್ತೆ ಒಂದೇ ಪ್ರಶ್ನೆಯ ಬಳಿ ನಿಂತುಬಿಡುತ್ತಿದ್ದೆವು: ಮಾರ್ಕರ್‌ಗಳನ್ನು (ಡಿಎನ್‌ಎಯಲ್ಲಿ ಮೈಲುಗಲ್ಲಿನಂತೆ ಜಾಗ ತೋರಿಸುವ ಗುರುತುಗಳನ್ನು) ಹೆಚ್ಚಿಸುತ್ತ ಹೋದರೆ ಜೀನ್ ಇರುವ ಜಾಗ ನಿಖರವಾಗಿ ಸಿಗಬೇಕಲ್ಲವೇ?

ಒಳಸಂಕರಣದಿಂದ ಬೆಳೆಸಿದ ಒಂದು ತಳಿಯ ಇಲಿಗಳ ಡಿಎನ್‌ಎ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ. ತಳಿಯಿಂದ ತಳಿಗೆ ಮಾತ್ರ ಬೇರೆಯಾಗುತ್ತದೆ. ಒಂದು ಜಾಗದಲ್ಲಿ ಡಿಎನ್‌ಎಯ ಸಿ-ಎ ಅಕ್ಷರಗಳ ಜೋಡಿ ಒಂದು ತಳಿಯಲ್ಲಿ 18 ಸಲ, ಇನ್ನೊಂದರಲ್ಲಿ 24 ಸಲ ಮರುಕಳಿಸಿದ್ದರೆ ಆ ಜಾಗವೇ ಒಂದು ಮಾರ್ಕರ್: ಪಿಸಿಆರ್ ಮಾಡಿ (ಆ ತುಣುಕಿನ ಪ್ರತಿಗಳನ್ನು ಹೆಚ್ಚಿಸಿ) ಜೆಲ್‌ನಲ್ಲಿ ಓಡಿಸಿದಾಗ ಚಿಕ್ಕ ತುಣುಕು ಮುಂದೆ ಸಾಗಿ, ಉದ್ದದ್ದು ಹಿಂದೆ ಉಳಿಯುತ್ತದೆ; ಒಂದೊಂದು ಉದ್ದವೂ ಒಂದೊಂದು ಪಟ್ಟಿಯಾಗಿ ಕಾಣುತ್ತದೆ. ಇಂತಹ ವ್ಯತ್ಯಾಸಗಳು ಹೇರಳವಾಗಿ ಸಿಗಲೆಂದೇ ಸಿ57ಬಿಎಲ್/6 ತಳಿಯನ್ನು ಬೇರೆ ಉಪಪ್ರಭೇದದ ಕ್ಯಾಸ್ಟ್ ತಳಿಯೊಡನೆ ಕೂಡಿಸುವುದುಂಟು.

ಸಿ57ಬಿಎಲ್/6 ತಳಿಯಲ್ಲಿ ಒಂದು ಅಪ್ರಬಲ ದೋಷ, ಅಂದರೆ ತಂದೆ ತಾಯಿ ಇಬ್ಬರಿಂದಲೂ ಬಂದರೆ ಮಾತ್ರ ಕಾಣುವ ದೋಷ, ಇದೆ ಎಂದುಕೊಳ್ಳೋಣ. ದೋಷವುಳ್ಳ ಇಲಿಯನ್ನು ಕ್ಯಾಸ್ಟ್‌ನೊಡನೆ ಕೂಡಿಸಿ, ಹುಟ್ಟಿದ ಮರಿಗಳನ್ನು ಮತ್ತೆ ದೋಷವುಳ್ಳ ಇಲಿಗಳೊಡನೆಯೇ ಕೂಡಿಸಿದರೆ, ಮುಂದಿನ ಪೀಳಿಗೆಯ ಅರ್ಧದಷ್ಟು ಮರಿಗಳಲ್ಲಿ ದೋಷ ಕಾಣುತ್ತದೆ. ಆ ಮರಿಗಳಲ್ಲಿ ಜೀನ್‌ಗೆ ಸಮೀಪದ ಮಾರ್ಕರ್ ಸಾಮಾನ್ಯವಾಗಿ ಒಂದೇ ಪಟ್ಟಿ ತೋರಿಸುತ್ತದೆ, ಏಕೆಂದರೆ ಎರಡೂ ಪ್ರತಿ ಸಿ57ಬಿಎಲ್/6 ತಳಿಯವು. ಎರಡು ಪಟ್ಟಿ ಕಂಡರೆ ಮಾರ್ಕರ್ ಮತ್ತು ಜೀನ್ ನಡುವೆ ಅಡ್ಡಹಾಯುವಿಕೆ (ಜೋಡಿ ವರ್ಣತಂತುಗಳು ತುಂಡಾಗಿ ಭಾಗಗಳನ್ನು ಅದಲುಬದಲು ಮಾಡಿಕೊಳ್ಳುವುದು) ನಡೆದಿದೆ ಎಂದರ್ಥ.

ದೋಷವುಳ್ಳ 100 ಮರಿಗಳಲ್ಲಿ ಎ ಮಾರ್ಕರ್‌ಗೆ 12, ಬಿ ಮಾರ್ಕರ್‌ಗೆ 3, ಡಿ ಮಾರ್ಕರ್‌ಗೆ 5 ಮರಿಗಳು ಎರಡು ಪಟ್ಟಿ ತೋರಿಸಿದವು ಎನ್ನೋಣ. ಬಿ ತೋರಿಸಿದ ಮೂರೂ ಎ ತೋರಿಸಿದ ಹನ್ನೆರಡರೊಳಗಿದ್ದು, ಡಿ ತೋರಿಸಿದ ಐದು ಬೇರೆಯೇ ಆಗಿದ್ದರೆ, ಎ ಮತ್ತು ಬಿ ಜೀನ್‌ನ ಒಂದು ಬದಿಗೆ, ಡಿ ಇನ್ನೊಂದು ಬದಿಗೆ ಇವೆ; ಅಂದರೆ ಜೀನ್ ಬಿ ಮತ್ತು ಡಿ ನಡುವೆ ಇದೆ. ನೂರರಲ್ಲಿ 3 ಮತ್ತು 5, ಒಟ್ಟು 8 ಮರಿಗಳಲ್ಲಿ ಅಡ್ಡಹಾಯುವಿಕೆ ಕಂಡಿದ್ದರಿಂದ ಬಿ-ಡಿ ಅಂತರ ಸುಮಾರು 8 ಸೆಂಟಿಮಾರ್ಗನ್ (ನೂರಕ್ಕೆ ಒಂದು ಅಡ್ಡಹಾಯುವಿಕೆ ಎಂದರೆ ಒಂದು ಸೆಂಟಿಮಾರ್ಗನ್). ಇಲಿಯಲ್ಲಿ ಒಂದು ಸೆಂಟಿಮಾರ್ಗನ್ ಸರಾಸರಿ 20 ಲಕ್ಷ ಬೇಸ್ ಜೋಡಿಯಾದ್ದರಿಂದ, ಇದು ಸುಮಾರು 1.6 ಕೋಟಿ.

ಇನ್ನು ಬಿ-ಡಿ ನಡುವಿನ ಹೊಸ ಮಾರ್ಕರ್‌ಗಳನ್ನು ಪರೀಕ್ಷಿಸಲು ಆ ಎಂಟು ಮರಿಗಳ ಡಿಎನ್‌ಎ ಸಾಕು; ಉಳಿದ 92ರಲ್ಲಿ ಆ ಭಾಗ ತುಂಡಾಗಿಲ್ಲ. ಶಿರಾಡಿ ಘಾಟಿಯಲ್ಲಿ ಮಣ್ಣು ಕುಸಿದರೆ ಯಾವ ಎರಡು ಮೈಲುಗಲ್ಲುಗಳ ನಡುವೆ ಎಂದು ಹೇಳಬಹುದು; ಕುಸಿಯದ ಕಡೆ ಎಷ್ಟು ಕಲ್ಲು ನೆಟ್ಟರೂ ತಿಳಿಯುವುದೇನಿಲ್ಲ. ಆದ್ದರಿಂದ ಎಂಟೂ ಮರಿಗಳ ತುಂಡಾದ ಜಾಗ ಗೊತ್ತಾದ ಮೇಲೆ ಬೇಕಾದದ್ದು ಹೊಸ ಮಾರ್ಕರ್ ಅಲ್ಲ, ಇನ್ನಷ್ಟು ಮರಿಗಳು. ಸ್ಥೂಲಕಾಯದ ಇಲಿಗಳ ಓಬಿ ಜೀನನ್ನು ಆರನೆಯ ವರ್ಣತಂತುವಿನಲ್ಲಿ ಗುರುತಿಸಿ 1994ರಲ್ಲಿ ಪ್ರಕಟಿಸಿದ ಜೆಫ್ರಿ ಫ್ರೀಡ್‌ಮನ್ ಅವರ ತಂಡ ಇದೇ ಕಾರಣಕ್ಕೆ 1600ಕ್ಕೂ ಹೆಚ್ಚು ಮಿಯಾಸಿಸ್‌ಗಳನ್ನು (ಅಂಡ ಅಥವಾ ವೀರ್ಯಾಣು ಉಂಟಾಗುವ ಕೋಶವಿಭಜನೆಗಳನ್ನು; ಅಡ್ಡಹಾಯುವಿಕೆ ನಡೆಯುವುದು ಇಲ್ಲೇ) ಪರಿಶೀಲಿಸಿತ್ತು.