ಕೊಲರಾಡೊ: ಬೆಟ್ಟದ ರಾಜ್ಯದ ಸೋಜಿಗಗಳು, ಅವುಗಳ ಹಿಂದಿನ ಕಾರಣಗಳು

ಕ್ವಿಜ್‌ಗೆ ಓದುವವರು ಅಮೆರಿಕದ ಒಂದೊಂದು ರಾಜ್ಯದ ವಿಚಿತ್ರ ಸಂಗತಿಗಳನ್ನು ಪಟ್ಟಿ ಮಾಡಿಕೊಂಡು ಬಾಯಿಪಾಠ ಮಾಡುತ್ತಾರೆ. ಸ್ವಲ್ಪ ದಿನ ಕಳೆದರೆ ಯಾವುದು ಯಾವ ರಾಜ್ಯದ್ದು ಅನ್ನೋದೇ ಕಲಸುಮೇಲೋಗರ. ಕೊಲರಾಡೊಗೆ ಆ ಕಷ್ಟ ಬೇಡ. ಅಲ್ಲಿನ ಸೋಜಿಗಗಳಲ್ಲಿ ಮುಕ್ಕಾಲು ಪಾಲು ಮೂರು ಕಡೆಯಿಂದ ಹುಟ್ಟಿವೆ: ಕಾಗದದ ಮೇಲೆ ಎಳೆದ ಗೆರೆ, ನೆಲದ ಎತ್ತರ, ನೀರಿನ ಜಗಳ. ಈ ಮೂರನ್ನು ಹಿಡಿದುಕೊಂಡರೆ ಉಳಿದದ್ದು ತಾನಾಗಿ ನೆನಪಾಗುತ್ತದೆ. ಇದಕ್ಕೆ ಬಗ್ಗದ್ದು ಎರಡು: ಬೇಡ ಎಂದ ಒಂದು ಒಲಿಂಪಿಕ್ಸ್, ತಲೆಯಿಲ್ಲದ ಒಂದು ಕೋಳಿ. ಅವನ್ನು ಕೊನೆಗೆ ನೋಡೋಣ.

ಮೊದಲು ಮೂಲ ವಿವರ. ಕೊಲರಾಡೊ 38ನೇ ರಾಜ್ಯವಾದದ್ದು 1876ರ ಆಗಸ್ಟ್ 1ರಂದು. ಅಮೆರಿಕ ಸ್ವಾತಂತ್ರ್ಯ ಘೋಷಿಸಿ ಆಗ 100 ವರ್ಷವಾಗಿತ್ತು. ಹಾಗಾಗಿ ಅಡ್ಡಹೆಸರು ‘ಸೆಂಟೆನಿಯಲ್ ಸ್ಟೇಟ್’. ರಾಜಧಾನಿ ಡೆನ್ವರ್.

ನೇರವಲ್ಲದ ನೇರ ಗೆರೆ

ನಕ್ಷೆಯಲ್ಲಿ ಕೊಲರಾಡೊ ಅಚ್ಚುಕಟ್ಟಾದ ಆಯತ. ನದಿ, ಬೆಟ್ಟ ಯಾವುದನ್ನೂ ಲೆಕ್ಕಿಸದೆ ಅಕ್ಷಾಂಶ, ರೇಖಾಂಶ ಹಿಡಿದು ಗಡಿ ಎಳೆದದ್ದೇ ಕಾರಣ. ದಕ್ಷಿಣಕ್ಕೆ 37 ಡಿಗ್ರಿ, ಉತ್ತರಕ್ಕೆ 41 ಡಿಗ್ರಿ. ಪೂರ್ವ ಪಶ್ಚಿಮದ ಲೆಕ್ಕ ಮಾತ್ರ ಗ್ರೀನಿಚ್‌ನಿಂದ ಅಲ್ಲ, ವಾಷಿಂಗ್ಟನ್ ನಗರದಿಂದ: ಅಲ್ಲಿಂದ ಪಶ್ಚಿಮಕ್ಕೆ 25 ಮತ್ತು 32 ಡಿಗ್ರಿ. ಆ ಕಾಲದಲ್ಲಿ ಅಮೆರಿಕದವರು ತಮ್ಮದೇ ಮೂಲರೇಖೆ ಬಳಸುತ್ತಿದ್ದರು. ಇವತ್ತಿನ ಗ್ರೀನಿಚ್ ಲೆಕ್ಕದಲ್ಲಿ ಈ ಗಡಿಗಳಿಗೆ ಪೂರ್ಣ ಸಂಖ್ಯೆ ಬರದಿರುವುದು ಅದಕ್ಕೇ.

ಇದು ಆಯತ ಅಲ್ಲ ಎನ್ನುವುದಕ್ಕೆ ಎರಡು ಕಾರಣ ಇವೆ. ಒಂದು, ಭೂಮಿ ಗುಂಡಗಿದೆ. ಉತ್ತರಕ್ಕೆ ಹೋದಂತೆ ರೇಖಾಂಶಗಳು ಹತ್ತಿರ ಬರುತ್ತವೆ. ಅದರಿಂದ ಉತ್ತರದ ಗಡಿ ದಕ್ಷಿಣದ ಗಡಿಗಿಂತ ಸುಮಾರು 34 ಕಿ.ಮೀ. ಗಿಡ್ಡ. ಎರಡನೆಯದು ಇನ್ನೂ ಮಜಾ. ಕಾಗದದ ಗೆರೆಯನ್ನು ನೆಲಕ್ಕೆ ಇಳಿಸಿದವರು 19ನೇ ಶತಮಾನದ ಸರ್ವೇಯರ್‌ಗಳು. ಕೈಯಲ್ಲಿ ದಿಕ್ಸೂಚಿ, ಅಳತೆಯ ಸರಪಳಿ, ಮೇಲೆ ನಕ್ಷತ್ರ. ಕಣಿವೆ ಇಳಿದು, ಬಂಡೆ ಹತ್ತಿ, ದೂರ ದೂರಕ್ಕೆ ಒಂದೊಂದು ಕಲ್ಲು ನೆಟ್ಟು ಮುಂದಕ್ಕೆ ಹೋದರು. ಒಂದು ಕಲ್ಲು ಸ್ವಲ್ಪ ಆಚೆ, ಇನ್ನೊಂದು ಸ್ವಲ್ಪ ಈಚೆ. ಕಲ್ಲಿಂದ ಕಲ್ಲಿಗೆ ಗೆರೆ ಎಳೆದರೆ ಗಡಿ ಅಂಕುಡೊಂಕು. ಸಾಮಾನ್ಯವಾಗಿ ಹೇಳುವ ಲೆಕ್ಕದ ಪ್ರಕಾರ ಈ ‘ಆಯತ’ಕ್ಕೆ ಇರುವುದು 4 ಬದಿ ಅಲ್ಲ, 697.

ತಪ್ಪನ್ನು ಆಮೇಲೆ ತಿದ್ದಬಹುದಿತ್ತಲ್ವಾ? ಆಗಲಿಲ್ಲ. ಅಳತೆ ಮಾಡಿ, ಕಲ್ಲು ನೆಟ್ಟು, ಎರಡೂ ಕಡೆಯವರು ಒಪ್ಪಿಕೊಂಡು ಬದುಕಿದ ಮೇಲೆ ಆ ಕಲ್ಲೇ ಗಡಿ. ಕಾಗದದಲ್ಲಿ ಏನು ಬರೆದಿತ್ತು ಎನ್ನುವುದಕ್ಕೆ ಬೆಲೆ ಇಲ್ಲ. 1925ರಲ್ಲಿ ನ್ಯೂ ಮೆಕ್ಸಿಕೊ ಮತ್ತು ಕೊಲರಾಡೊ ನಡುವಿನ ವ್ಯಾಜ್ಯದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಹಳೆಯ ಸರ್ವೆಯನ್ನೇ ಎತ್ತಿಹಿಡಿಯಿತು. ನಾಲ್ಕು ರಾಜ್ಯಗಳು ಒಂದೇ ಬಿಂದುವಿನಲ್ಲಿ ಸೇರುವ ‘ಫೋರ್ ಕಾರ್ನರ್ಸ್’ ಗೊತ್ತಲ್ಲ, ಅಲ್ಲಿ ಪ್ರವಾಸಿಗರು ಎರಡು ಕೈ ಎರಡು ಕಾಲನ್ನು ನಾಲ್ಕು ರಾಜ್ಯಗಳಲ್ಲಿ ಊರಿ ಫೋಟೊ ತೆಗೆಸಿಕೊಳ್ಳುತ್ತಾರೆ. ಅಂದುಕೊಂಡಿದ್ದ ಜಾಗಕ್ಕಿಂತ ಆ ಗುರುತು ಅರ್ಧ ಕಿ.ಮೀ.ಗೂ ಸ್ವಲ್ಪ ಜಾಸ್ತಿ ಪೂರ್ವಕ್ಕಿದೆ. ‘ಹಾಗಾದರೆ ಆ ಫೋಟೊ ಎಲ್ಲ ಸುಳ್ಳು’ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಕಾನೂನಿನ ಪ್ರಕಾರ ಗಡಿ ಅಲ್ಲೇ ಇದೆ.

ಎತ್ತರ

ರಾಜ್ಯದ ಸರಾಸರಿ ಎತ್ತರ ಸುಮಾರು 2,070 ಮೀಟರ್. ಅಮೆರಿಕದ ಬೇರೆ ಯಾವ ರಾಜ್ಯಕ್ಕೂ ಇಷ್ಟು ಎತ್ತರ ಇಲ್ಲ. ನಮ್ಮ ಮುಳ್ಳಯ್ಯನಗಿರಿಯ ತುದಿ 1,930 ಮೀಟರ್ ಎಂದು ನೆನೆದರೆ ಇದರ ಅಂದಾಜು ಸಿಗುತ್ತದೆ. ಕೊಲರಾಡೊದ ಅತಿ ತಗ್ಗಿನ ಜಾಗವೇ ಸಮುದ್ರಮಟ್ಟದಿಂದ ಸುಮಾರು 1,010 ಮೀಟರ್ ಮೇಲಿದೆ. ಅರಿಕರೀ ನದಿ ಕಾನ್ಸಾಸ್‌ಗೆ ದಾಟುವ ಜಾಗ ಅದು. ‘ಅತಿ ತಗ್ಗಿನ ಬಿಂದು ಅತಿ ಎತ್ತರದಲ್ಲಿರುವ ರಾಜ್ಯ ಯಾವುದು?’ ಎಂದು ತಿರುಗಾಮುರುಗಾ ಕೇಳಿದರೆ ಉತ್ತರ ಇದೇ.

ಅತಿ ಎತ್ತರದ ಶಿಖರ ಮೌಂಟ್ ಎಲ್ಬರ್ಟ್, 4,401 ಮೀಟರ್. ಪೈಕ್ಸ್ ಪೀಕ್ ಹೆಸರು ಜಾಸ್ತಿ ಕೇಳಿರುವುದರಿಂದ ಬಹಳ ಜನ ಅದನ್ನೇ ಬರೆದು ಮಾರ್ಕ್ಸ್ ಕಳೆದುಕೊಳ್ಳುತ್ತಾರೆ. ಎಲ್ಬರ್ಟ್‌ನ ಪಕ್ಕದ ಮೌಂಟ್ ಮ್ಯಾಸಿವ್ ಕೇವಲ 4 ಮೀಟರ್ ಕಮ್ಮಿ. ಮ್ಯಾಸಿವ್‌ನ ಅಭಿಮಾನಿಗಳು ತುದಿಯಲ್ಲಿ ಕಲ್ಲು ಪೇರಿಸಿ ಅದನ್ನು ಎತ್ತರ ಮಾಡಲು ನೋಡುವುದು, ಎಲ್ಬರ್ಟ್ ಕಡೆಯವರು ಹೋಗಿ ಕೆಡವುವುದು, ಇದೂ ನಡೆದಿತ್ತು ಅಂತ ಹೇಳುತ್ತಾರೆ.

ಡೆನ್ವರ್‌ಗೆ ‘ಮೈಲ್ ಹೈ ಸಿಟಿ’ ಎಂದು ಹೆಸರು. ಸಮುದ್ರಮಟ್ಟದಿಂದ ಸರಿಯಾಗಿ ಒಂದು ಮೈಲಿ, ಅಂದರೆ 5,280 ಅಡಿ. ಅದು ಎಲ್ಲಿ? ರಾಜ್ಯದ ಶಾಸನಸಭೆ ಇರುವ ಕ್ಯಾಪಿಟಲ್ ಕಟ್ಟಡದ ಮೆಟ್ಟಿಲ ಮೇಲೆ. ಅಲ್ಲಿ ಒಂದಲ್ಲ, ಮೂರು ಗುರುತುಗಳಿವೆ. 15ನೇ ಮೆಟ್ಟಿಲಲ್ಲಿ ಕಲ್ಲಿನಲ್ಲೇ ಕೊರೆದ ಬರಹ. 1969ರಲ್ಲಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಮತ್ತೆ ಅಳೆದು, ನಿಜವಾದ ಜಾಗ 18ನೇ ಮೆಟ್ಟಿಲು ಎಂದು ಅಲ್ಲೊಂದು ಲೋಹದ ಬಿಲ್ಲೆ ಕೂರಿಸಿದರು. 2003ರಲ್ಲಿ ಮೂರನೆಯ ಗುರುತು ಬಂತು, ಒಂದು ಮೈಲಿಯ ಜಾಗ 13ನೇ ಮೆಟ್ಟಿಲಿಗೆ ಇಳಿಯಿತು.

ಈ ಸಲ ಅಳೆದವರ ತಪ್ಪೇನೂ ಇರಲಿಲ್ಲ. ‘ಸಮುದ್ರಮಟ್ಟ’ ಎನ್ನುವುದೇ ಒಂದು ಒಪ್ಪಿಕೊಂಡ ಲೆಕ್ಕ. ಡೆನ್ವರ್‌ನಲ್ಲಿ ಸಮುದ್ರ ಇಲ್ಲ, ಅಲ್ಲಿಯ ನೆಲದಡಿಗೆ ಸಮುದ್ರಮಟ್ಟ ಎಲ್ಲಿ ಬೀಳುತ್ತದೆ ಎಂದು ಲೆಕ್ಕ ಹಾಕಿಯೇ ಹೇಳಬೇಕು. ಇಡೀ ದೇಶಕ್ಕೆ ಹೊಸ ಲೆಕ್ಕ ಬಂದಾಗ ಡೆನ್ವರ್ ಕಾಗದದ ಮೇಲೆ ಸುಮಾರು 3 ಅಡಿ ಮೇಲೆದ್ದಿತು. ಊರು ಮೇಲೆ ಹೋದರೆ ಒಂದು ಮೈಲಿಯ ಗುರುತು ಕೆಳಗಿನ ಮೆಟ್ಟಿಲಿಗೆ ಬರಬೇಕಲ್ವಾ? ಈ ತರ್ಕ ಒಮ್ಮೆ ತಲೆಗೆ ಹೋದರೆ 18ರಿಂದ 13 ಅನ್ನೋದು ಮರೆಯುವುದಿಲ್ಲ. ಎಷ್ಟೋ ಭೂಗೋಳ ಪುಸ್ತಕಗಳು ಎರಡು ಪುಟದಲ್ಲಿ ಹೇಳುವುದನ್ನು ಈ ಮೆಟ್ಟಿಲುಗಳು ಚೆನ್ನಾಗಿ ಹೇಳುತ್ತವೆ ಅನ್ನೋದು ನನ್ನ ಅಭಿಪ್ರಾಯ.

ಗಾಳಿ ತೆಳುವಾಗಿರುವುದರ ಪರಿಣಾಮ ಅಡುಗೆಮನೆಯಿಂದ ಆಟದ ಮೈದಾನದವರೆಗೂ ಇದೆ. ಡೆನ್ವರ್‌ನಲ್ಲಿ ನೀರು ಕುದಿಯುವುದು ಸುಮಾರು 95 ಡಿಗ್ರಿಯಲ್ಲಿ. 3,000 ಮೀಟರ್ ದಾಟಿದ ಲೆಡ್‌ವಿಲ್ ಎಂಬ ಹಳೆಯ ಬೆಳ್ಳಿ ಗಣಿ ಊರಿನಲ್ಲಿ ಸುಮಾರು 90ಕ್ಕೇ. ನೀರು ಬೇಗ ಕುದಿಯುತ್ತದೆ, ಆದರೆ ಬೇಳೆ ಬೇಯುವುದು ತಡ. ಕುಕ್ಕರ್ ಇಲ್ಲದಿದ್ದರೆ ಕಷ್ಟವೇ. ಡೆನ್ವರ್ ವಿಮಾನ ನಿಲ್ದಾಣದ ಒಂದು ರನ್‌ವೇ 4.88 ಕಿ.ಮೀ. ಉದ್ದ ಇರುವುದಕ್ಕೂ ಇದೇ ಕಾರಣ: ತೆಳು ಗಾಳಿಯಲ್ಲಿ ತುಂಬಿದ ವಿಮಾನ ಮೇಲೇಳಲು ಜಾಸ್ತಿ ಓಡಬೇಕು. ಇನ್ನು ಬೇಸ್‌ಬಾಲ್. ಕೂರ್ಸ್ ಫೀಲ್ಡ್ ಮೈದಾನದಲ್ಲಿ ಹೊಡೆದ ಚೆಂಡು ತುಂಬಾ ದೂರ ಹೋಗುತ್ತಿತ್ತು. ಒಣ ಹವೆಗೆ ಚೆಂಡು ಗಟ್ಟಿಯಾಗುವುದೂ ಸೇರಿಕೊಂಡಿತು. 2002ರಿಂದ ಚೆಂಡುಗಳನ್ನು ತೇವ ಹದವಾಗಿರುವ ಕೋಣೆಯಲ್ಲಿ ಇಡುತ್ತಾರೆ. ಅದೇ ಮೈದಾನದ ಮೇಲಿನ ಗ್ಯಾಲರಿಯಲ್ಲಿ ಒಂದು ಸಾಲು ಕುರ್ಚಿ ಮಾತ್ರ ನೇರಳೆ ಬಣ್ಣದ್ದು, ಒಂದು ಮೈಲಿ ಎತ್ತರ ಅಲ್ಲಿಗೆ ಬರುತ್ತದೆ ಎಂದು.

ಹಿಮದ ದಾಖಲೆ ಒಂದನ್ನು ಸುಮ್ನೆ ಬರೆದಿಟ್ಟುಕೊಳ್ಳಿ: 1921ರ ಏಪ್ರಿಲ್‌ನಲ್ಲಿ ಸಿಲ್ವರ್ ಲೇಕ್‌ನಲ್ಲಿ 24 ಗಂಟೆಯಲ್ಲಿ 75.8 ಇಂಚು. ಆಳು ಎತ್ತರಕ್ಕಿಂತ ಜಾಸ್ತಿ.

ನೀರು

ನನಗೆ ಅತಿ ಇಷ್ಟವಾದ ಭಾಗ ಇದು. ರಾಕಿ ಪರ್ವತಗಳ ನೆತ್ತಿ ಈ ರಾಜ್ಯವನ್ನು ಎರಡಾಗಿ ಸೀಳುತ್ತದೆ. ಪಶ್ಚಿಮಕ್ಕೆ ಬಿದ್ದ ನೀರು ಕೊಲರಾಡೊ ನದಿ ಸೇರುತ್ತದೆ, ಪೂರ್ವಕ್ಕೆ ಬಿದ್ದದ್ದು ಬಯಲಿಗೆ ಇಳಿಯುತ್ತದೆ. ನೀರಿನ ಬಹುಪಾಲು ಪಶ್ಚಿಮದಲ್ಲಿ, ಜನರ ಬಹುಪಾಲು ಪೂರ್ವದಲ್ಲಿ. ಅದಕ್ಕೆ ಬೆಟ್ಟವನ್ನೇ ಕೊರೆದರು. ಆಲ್ವಾ ಬಿ. ಆಡಮ್ಸ್ ಸುರಂಗ ಸುಮಾರು 21 ಕಿ.ಮೀ. ಉದ್ದ, ರಾಷ್ಟ್ರೀಯ ಉದ್ಯಾನದ ಅಡಿಯಲ್ಲಿ ಹಾದು ಪಶ್ಚಿಮದ ನೀರನ್ನು ಪೂರ್ವಕ್ಕೆ ತರುತ್ತದೆ. 1947ರಲ್ಲಿ ಮೊದಲ ನೀರು ಹರಿಯಿತು.

ಸುರಂಗಕ್ಕೆ ಹೆಸರು ಬಂದದ್ದು ಸೆನೆಟರ್ ಆಡಮ್ಸ್ ಅವರಿಂದ, ಅವರ ತಂದೆಯ ಹೆಸರೂ ಆಲ್ವಾ ಆಡಮ್ಸ್. ‘ಒಂದೇ ದಿನ ಮೂವರು ಗವರ್ನರ್’ ಪ್ರಶ್ನೆಯಲ್ಲಿ ಬರುವವರು ತಂದೆ. 1904ರ ಚುನಾವಣೆಯಲ್ಲಿ ಅವರು ಗೆದ್ದರು, ಆದರೆ ಎರಡೂ ಕಡೆ ಮತದ ಮೋಸ ನಡೆದಿತ್ತು. 1905ರ ಮಾರ್ಚ್‌ನಲ್ಲಿ ಶಾಸನಸಭೆ ಅವರನ್ನು ಇಳಿಸಿ ಸೋತಿದ್ದ ಎದುರಾಳಿ ಜೇಮ್ಸ್ ಪೀಬಾಡಿ ಅವರನ್ನು ಕೂರಿಸಿತು, ತಕ್ಷಣ ರಾಜೀನಾಮೆ ಕೊಡಬೇಕು ಎಂಬ ಷರತ್ತಿನ ಮೇಲೆ. ಪೀಬಾಡಿ ಕೊಟ್ಟರು. ಲೆಫ್ಟಿನೆಂಟ್ ಗವರ್ನರ್ ಜೆಸ್ಸಿ ಮೆಕ್‌ಡೊನಾಲ್ಡ್ ಕುರ್ಚಿ ಏರಿದರು. ನೀರಿನ ಪಾಠದಲ್ಲಿ ಇದೇಕೆ ಅಂದರೆ, ತಂದೆ ಮಗ ಇಬ್ಬರನ್ನೂ ಒಟ್ಟಿಗೆ ನೆನಪಿಟ್ಟುಕೊಳ್ಳೋದು ಸುಲಭ.

ಈಗ ಕಾನೂನು. ಅಮೆರಿಕದ ಪೂರ್ವದ ರಾಜ್ಯಗಳಲ್ಲಿ ಹೊಳೆ ಪಕ್ಕ ಜಮೀನಿದ್ದವನಿಗೆ ನೀರಿನ ಹಕ್ಕು. ಕೊಲರಾಡೊದಲ್ಲಿ ಹಾಗಲ್ಲ, ಯಾರು ಮೊದಲು ನೀರನ್ನು ತಿರುಗಿಸಿ ಬಳಸಿದರೋ ಅವರದ್ದೇ ಮೊದಲ ಹಕ್ಕು. ಇದನ್ನು ಗಟ್ಟಿ ಮಾಡಿದ್ದು ಲೆಫ್ಟ್ ಹ್ಯಾಂಡ್ ಡಿಚ್ ಎಂಬ ಕಾಲುವೆ ಕಂಪನಿಯ ಮೊಕದ್ದಮೆ. ಆ ಹೆಸರು ನಿವಾಟ್, ಅಂದರೆ ‘ಎಡಗೈ’, ಎಂಬ ಅರಪಾಹೊ ಬುಡಕಟ್ಟಿನ ಮುಖಂಡನಿಂದ ಬಂದದ್ದು. ಕಂಪನಿ ಸೇಂಟ್ ವ್ರೇನ್ ಹೊಳೆಯ ನೀರನ್ನು ಇನ್ನೊಂದು ಕಣಿವೆಗೆ ತಿರುಗಿಸುತ್ತಿತ್ತು. 1879ರಲ್ಲಿ ಬರ ಬಂತು. ಕೆಳಗಿನ ರೈತರು ಬಂದು ಒಡ್ಡು ಕಿತ್ತುಹಾಕಿದರು. ಹೊಳೆ ನಮ್ಮ ಜಮೀನಿನ ಪಕ್ಕ ಹರಿಯುತ್ತದೆ, ನೀರು ನಮ್ಮದು ಎನ್ನುವುದು ಅವರ ವಾದ. 1882ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಮೊದಲು ತಿರುಗಿಸಿದವರು ಕಂಪನಿಯವರು, ಕಣಿವೆ ಬೇರೆ ಆದರೂ ಹಕ್ಕು ಅವರದ್ದೇ ಎಂದಿತು.

ಇದನ್ನು ಕೊನೆತನಕ ಎಳೆದರೆ ಏನಾಗುತ್ತದೆ ನೋಡಿ. ನಿಮ್ಮ ಚಾವಣಿಗೆ ಬಿದ್ದ ಮಳೆಹನಿ ಹರಿದು ಹೊಳೆ ಸೇರಬೇಕಾದದ್ದು. ಆ ಹೊಳೆಯ ನೀರಿಗೆ ಕೆಳಗೆ ಯಾರದೋ ಹಳೆಯ ಹಕ್ಕಿದೆ. ಅಂದಮೇಲೆ ನೀವು ಪೀಪಾಯಿ ಇಟ್ಟು ಹಿಡಿದರೆ ಬೇರೆಯವರ ನೀರು ತೆಗೆದಂತೆ! 2016ರವರೆಗೆ ಕೊಲರಾಡೊದ ಬಹುತೇಕ ಮನೆಯವರು ಚಾವಣಿ ನೀರು ಹಿಡಿದಿಡುವುದು ಕಾನೂನಿಗೆ ವಿರುದ್ಧವಾಗಿತ್ತು. ಆ ವರ್ಷ ತಿದ್ದುಪಡಿ ಬಂತು. ಈಗ ಎರಡು ಪೀಪಾಯಿ, ಒಟ್ಟು 110 ಗ್ಯಾಲನ್, ಅಂದರೆ ಸುಮಾರು 416 ಲೀಟರ್ ಹಿಡಿಯಬಹುದು. ಅದೂ ಕೈತೋಟದಂಥ ಹೊರಗಿನ ಕೆಲಸಕ್ಕೆ ಮಾತ್ರ. ಮಳೆಕೊಯ್ಲು ಮಾಡದಿದ್ದರೆ ದಂಡ ಬೀಳುವ ಬೆಂಗಳೂರಿನವರಿಗೆ ಇದು ಜೀರ್ಣವಾಗುವುದು ಕಷ್ಟ.

ನದಿಯ ಹೆಸರಿನಲ್ಲೂ ಒಂದು ಕಿತಾಪತಿ ಇದೆ. 1921ರ ವರೆಗೆ ಕೊಲರಾಡೊ ನದಿ ಕೊಲರಾಡೊದಲ್ಲಿ ಹರಿಯುತ್ತಲೇ ಇರಲಿಲ್ಲ! ರಾಜ್ಯದೊಳಗಿನ ಭಾಗಕ್ಕೆ ಗ್ರ್ಯಾಂಡ್ ನದಿ ಎಂದು ಹೆಸರು. ಯೂಟಾದಲ್ಲಿ ಗ್ರೀನ್ ನದಿ ಸೇರಿದ ಮೇಲೆ ಮಾತ್ರ ಅದು ಕೊಲರಾಡೊ. ಇಲ್ಲಿನ ಸಂಸದ ಎಡ್ವರ್ಡ್ ಟೇಲರ್ ಪಟ್ಟು ಹಿಡಿದು ಕಾಂಗ್ರೆಸ್‌ನಲ್ಲಿ ಹೆಸರು ಬದಲಾಯಿಸಿದರು. ಗ್ರ್ಯಾಂಡ್ ಜಂಕ್ಷನ್, ಗ್ರ್ಯಾಂಡ್ ಲೇಕ್ ಎಂಬ ಹೆಸರುಗಳು ಹಳೆಯ ನದಿಯ ಗುರುತಾಗಿ ಉಳಿದಿವೆ.

ನೀರು ಮತ್ತು ಗಾಳಿ ಸೇರಿ ಮಾಡಿದ ಇನ್ನೊಂದು ಕೆಲಸ ಗ್ರೇಟ್ ಸ್ಯಾಂಡ್ ಡ್ಯೂನ್ಸ್, ಉತ್ತರ ಅಮೆರಿಕದ ಅತಿ ಎತ್ತರದ ಮರಳು ದಿಬ್ಬಗಳು. ಸುಮಾರು 225 ಮೀಟರ್. ನೈಋತ್ಯದ ಗಾಳಿ ಮರಳನ್ನು ಬೆಟ್ಟದ ಬುಡಕ್ಕೆ ತಳ್ಳುತ್ತದೆ, ಬಿರುಗಾಳಿ ಎದ್ದಾಗ ಬೆಟ್ಟದ ಕಡೆಯಿಂದ ಗಾಳಿ ವಾಪಸ್ ತಳ್ಳುತ್ತದೆ. ಮರಳಿಗೆ ಮೇಲೇಳದೆ ಬೇರೆ ದಾರಿ ಇಲ್ಲ. ಪಕ್ಕದ ಮೆಡಾನೊ ತೊರೆಯಲ್ಲಿ ಹಿಮ ಕರಗುವ ಕಾಲಕ್ಕೆ ಅಲೆಗಳೇಳುತ್ತವೆ. ತಳದ ಮರಳು ಸಣ್ಣ ಒಡ್ಡಾಗುತ್ತದೆ, ನೀರು ತುಂಬಿ ಒಡೆಯುತ್ತದೆ, ಮತ್ತೆ ಕಟ್ಟುತ್ತದೆ.

ಮೂರಕ್ಕೂ ಸೇರದ ಎರಡು

ಗೆದ್ದ ಒಲಿಂಪಿಕ್ಸನ್ನು ಬೇಡ ಎಂದ ಊರು ಡೆನ್ವರ್. 1976ರ ಚಳಿಗಾಲದ ಕೂಟ ಅದಕ್ಕೆ ಸಿಕ್ಕಿತ್ತು. ಖರ್ಚು ಮತ್ತು ಪರಿಸರದ ಚಿಂತೆಯಿಂದ 1972ರ ನವೆಂಬರ್‌ನಲ್ಲಿ ಮತದಾರರು ಹಣ ಕೊಡಲು ಒಪ್ಪಲಿಲ್ಲ. ಕೂಟ ಆಸ್ಟ್ರಿಯಾದ ಇನ್ಸ್‌ಬ್ರುಕ್‌ಗೆ ಹೋಯಿತು.

ಇನ್ನು ಆ ಕೋಳಿ. ಫ್ರೂಟಾ ಊರು, 1945ರ ಸೆಪ್ಟೆಂಬರ್. ಲಾಯ್ಡ್ ಓಲ್ಸನ್ ಎಂಬ ರೈತ ಅಡುಗೆಗೆಂದು ಒಂದು ಹುಂಜದ ತಲೆ ಕಡಿದ. ಅದು ಸಾಯಲಿಲ್ಲ. ನೆಲ ಕುಕ್ಕುವಂತೆ ಮಾಡುತ್ತಾ, ರೆಕ್ಕೆ ಸರಿಮಾಡಿಕೊಳ್ಳುವಂತೆ ಆಡುತ್ತಾ ಓಡಾಡಿತು. ಮೈಕ್ ಎಂದು ಹೆಸರಾಯಿತು, ಊರೂರು ತಿರುಗಿ ಪ್ರದರ್ಶನ ಕೊಟ್ಟಿತು, 18 ತಿಂಗಳು ಬದುಕಿತು. ಕಟ್ಟುಕತೆ ಅನಿಸಿದರೂ ಅಲ್ಲ. ಯೂಟಾ ವಿಶ್ವವಿದ್ಯಾಲಯದವರೂ ನೋಡಿದ್ದಾರೆ. ಕೊಡಲಿ ಸ್ವಲ್ಪ ಮೇಲಕ್ಕೆ ಬಿದ್ದಿತ್ತು. ಕತ್ತಿನ ದೊಡ್ಡ ರಕ್ತನಾಳ ಉಳಿಯಿತು, ಒಂದು ಕಿವಿ ಉಳಿಯಿತು, ಮಿದುಳಿನ ಕಾಂಡದ ಬಹುಭಾಗ ಉಳಿಯಿತು. ಉಸಿರಾಟ, ಎದೆಬಡಿತ, ನಡಿಗೆಯಂಥ ಕೆಲಸ ಕೋಳಿಗಳಲ್ಲಿ ನಡೆಯುವುದು ಆ ಭಾಗದಿಂದಲೇ. ಓಲ್ಸನ್ ಕುಟುಂಬ ಡ್ರಾಪರ್‌ನಿಂದ ನೇರ ಅನ್ನನಾಳಕ್ಕೆ ಆಹಾರ ಹಾಕುತ್ತಿತ್ತು, ಗಂಟಲ ಲೋಳೆಯನ್ನು ಸಿರಿಂಜ್‌ನಿಂದ ತೆಗೆಯುತ್ತಿತ್ತು. 1947ರ ಮಾರ್ಚ್‌ನಲ್ಲಿ ಫೀನಿಕ್ಸ್‌ನ ಮೋಟೆಲ್ ಒಂದರಲ್ಲಿ ರಾತ್ರಿ ಮೈಕ್‌ಗೆ ಉಸಿರು ಕಟ್ಟಿತು. ಸಿರಿಂಜನ್ನು ಪ್ರದರ್ಶನದ ಜಾಗದಲ್ಲೇ ಮರೆತು ಬಂದಿದ್ದರು.